ನಾಸ್ಟ್ರೋಮೋದ ಏಳನೆಯ ಪ್ರಯಾಣಿಕ

ತಲೆ ತಗ್ಗಿಸಿ ಇಳಿಯಿರಿ, ಮೆಟ್ಟಿಲು ಇಕ್ಕಟ್ಟು. ಕೈಗೆ ಸಿಗುವ ಕಂಬಿಗೆಲ್ಲ ಉಪ್ಪು ಹತ್ತಿದೆ, ಹಿಡಿದರೆ ಅಂಗೈ ಜಿಗಿಜಿಗಿ ಎನ್ನುತ್ತದೆ. ಕೆಳಗಿನ ಕೋಣೆಯಲ್ಲಿ ಡೀಸೆಲ್ ವಾಸನೆ, ಒಣಗದ ಬಟ್ಟೆಯ ವಾಸನೆ, ದಿನಗಟ್ಟಲೆ ಗಾಳಿಯಾಡದ ಜಾಗದ ಕಮಟು. ಅಂಗಾಲಿನ ಕೆಳಗೆ ಹಲಗೆ ನಡುಗುತ್ತಲೇ ಇದೆ, ಅಣ್ಣಿಗೇರಿಯ ಹತ್ತಿ ಜಿನ್ನಿನ ಪಕ್ಕ ನಿಂತರೆ ನೆಲ ನಡುಗುತ್ತದಲ್ಲ, ಹಾಗೆ. ಇನ್ನೊಂದೆರಡು ದಿನ ಇಲ್ಲೇ ಇದ್ದರೆ ಈ ನಡುಕ ನಿಮ್ಮದೋ ಹಡಗಿನದೋ ಎಂದು ಗೊತ್ತಾಗದ ಹಾಗೆ ಆಗಿಬಿಡುತ್ತದೆ.

2018ರ ಮಾರ್ಚ್ 4, ಭಾನುವಾರ. ರಾತ್ರಿ ಹತ್ತರ ಆಸುಪಾಸು. ಅರಬ್ಬೀ ಸಮುದ್ರ.

ಹಡಗಿನ ಹೆಸರು ನಾಸ್ಟ್ರೋಮೋ. ಅಮೆರಿಕದ ಬಾವುಟ, ಸುಮಾರು ನೂರಡಿ ಉದ್ದ. ಯಾಟ್ ಅಂದಕೂಡಲೇ ಸಿನಿಮಾದಲ್ಲಿ ನೋಡಿದ ಬಿಳಿ ಡೆಕ್ಕು, ಕರಿ ಕನ್ನಡಕ, ಐಸು ಹಾಕಿದ ಗ್ಲಾಸು ನೆನಪಾಗುತ್ತವೆ. ಇಲ್ಲಿ ಜಿರಳೆಗಳಿವೆ. ಮಲಗುವ ಜಾಗ ಅಷ್ಟಕ್ಕಷ್ಟೇ. ಹಡಗಿನಲ್ಲಿ ಆರು ಜನ: ಫ್ರೆಂಚ್ ಕ್ಯಾಪ್ಟನ್ ಎರ್ವೆ ಜೋಬೇರ್, ಫಿಲಿಪ್ಪೀನ್ಸಿನ ಮೂವರು ಕೆಲಸಗಾರರು, ಫಿನ್ಲೆಂಡಿನ ಟೀನಾ ಯೌಹಿಯಾಯ್ನೆನ್, ಮತ್ತು ಲತೀಫಾ. ನೀವು ಏಳನೆಯವರು. ಯಾರ ಕಣ್ಣಿಗೂ ಕಾಣುವುದಿಲ್ಲ ಎಂಬುದೊಂದೇ ನಿಮಗಿರುವ ರಕ್ಷಣೆ. ಆದರೆ ಹೊಗೆಗೆ ಕಣ್ಣಿಲ್ಲ, ಅದು ನಿಮ್ಮ ಮೂಗಿಗೂ ಬರುತ್ತದೆ. ಅದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ.

ಲತೀಫಾ ಬಿಂತ್ ಮೊಹಮ್ಮದ್ ಅಲ್ ಮಕ್ತೂಮ್‌ಗೆ 32 ವರ್ಷ. ಅಪ್ಪ ದುಬೈ ದೊರೆ. ಆತನೇ ಯುಎಇಯ ಪ್ರಧಾನಿ, ಉಪರಾಷ್ಟ್ರಪತಿ ಕೂಡ. ಮಗಳಿಗೆ ಅರಮನೆಯುಂಟು, ಕುದುರೆಗಳುಂಟು, ವಿಮಾನದಿಂದ ಧುಮುಕುವ ಹವ್ಯಾಸವುಂಟು. ಕಾರು ಓಡಿಸುವ ಹಾಗಿಲ್ಲ, 2000ದಿಂದ ಈಚೆಗೆ ದೇಶ ಬಿಟ್ಟು ಹೊರಗೆ ಕಾಲಿಟ್ಟಿಲ್ಲ. ಅದೇ ವರ್ಷ ಅಕ್ಕ ಶಂಸಾ ಇಂಗ್ಲೆಂಡಿನಲ್ಲಿ ಮನೆ ಬಿಟ್ಟು ಓಡಿದ್ದಳು. ಕೇಂಬ್ರಿಜ್‌ನ ಬೀದಿಯಲ್ಲಿ ಅವಳನ್ನು ಹಿಡಿದು ದುಬೈಗೆ ಸಾಗಿಸಲಾಯಿತು. 2002ರಲ್ಲಿ, ಹದಿನಾರರ ಲತೀಫಾ ಒಮಾನ್ ಗಡಿಯತ್ತ ಓಡಿದಳು, ಸಿಕ್ಕಿಬಿದ್ದಳು. ಆಕೆಯೇ ಹೇಳುವಂತೆ ಮೂರು ವರ್ಷ ನಾಲ್ಕು ತಿಂಗಳು ಸೆರೆ, ಜೊತೆಗೆ ಹೊಡೆತ.

ಇದು ಎರಡನೇ ಓಟ. ಫೆಬ್ರುವರಿ 24ರ ಬೆಳಿಗ್ಗೆ ಗೆಳತಿ ಟೀನಾಳ ಜೊತೆ ತಿಂಡಿಗೆಂದು ಕೆಫೆಗೆ ಬಂದವಳು ಬಟ್ಟೆ ಬದಲಿಸಿ, ಫೋನನ್ನು ಅಲ್ಲಿನ ಶೌಚಾಲಯದಲ್ಲೇ ಬಿಟ್ಟು ಹೊರಟಳು. ಕಾರಿನಲ್ಲಿ ಮಸ್ಕತ್. ಅಲ್ಲಿಂದ ರಬ್ಬರ್ ದೋಣಿ. ಅಲೆ ಎದ್ದ ಸಮುದ್ರದಲ್ಲಿ ಗಂಟೆಗಟ್ಟಲೆ ಸಾಗಿ ಅಂತರರಾಷ್ಟ್ರೀಯ ನೀರಿಗೆ ಬಂದ ಮೇಲೆ ಜೆಟ್ ಸ್ಕೀ. ಎದೆಯವರೆಗೆ ನೆನೆದು ಆಕೆ ಈ ಹಡಗು ಹತ್ತಿದ್ದು ಸಂಜೆಗತ್ತಲಲ್ಲಿ. ಕ್ಯಾಪ್ಟನ್ನನ್ನು ನಂಬಲು ಒಂದು ಕಾರಣವಿತ್ತು: ಫ್ರೆಂಚ್ ನೌಕಾಪಡೆಯಲ್ಲಿದ್ದ, ಗೂಢಚಾರನೂ ಆಗಿದ್ದೆ ಎನ್ನುವ ಈ ಜೋಬೇರ್ ಕೂಡ ದುಬೈನಿಂದ ಪರಾರಿಯಾದವನೇ. ಅಲ್ಲಿ ಜಲಾಂತರ್ಗಾಮಿ ಕಟ್ಟುವ ವ್ಯವಹಾರ ಕೆಟ್ಟು, ಹಣ ದುರುಪಯೋಗದ ಆರೋಪ ಬಂದಾಗ, ಈಜುಡುಪಿನ ಮೇಲೆ ಬುರ್ಖಾ ತೊಟ್ಟು ಕಡಲಿಗಿಳಿದು ಹಾಯಿದೋಣಿಯಲ್ಲಿ ಭಾರತ ಮುಟ್ಟಿದೆ ಎಂದು ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಕಥೆಗೆ ಮಸಾಲೆ ಸ್ವಲ್ಪ ಹೆಚ್ಚೇ ಬಿದ್ದಿರಬಹುದು. ಒಮ್ಮೆ ಭಾರತ ಅವನನ್ನು ಉಳಿಸಿತ್ತು ಎಂಬುದು ಮಾತ್ರ ಈ ಹಡಗಿನ ದಿಕ್ಕನ್ನು ನಿರ್ಧರಿಸಿದೆ.

ಭಾರತ ಎಂದರೆ ಗೋವಾ. ಅಲ್ಲಿ ಇಳಿದು, ವಿಮಾನ ಹತ್ತಿ, ಅಮೆರಿಕದಲ್ಲಿ ಆಶ್ರಯ ಕೇಳುವುದು ಯೋಜನೆ.

ಈಗ ನೀವೆಲ್ಲಿದ್ದೀರಿ ಎಂಬುದನ್ನು ನಮ್ಮ ಕಡೆಯ ಲೆಕ್ಕದಲ್ಲಿ ಹೇಳುತ್ತೇನೆ. ನವಲಗುಂದ ತಾಲ್ಲೂಕಿನ ಮೊರಬದಲ್ಲಿ ನಿಂತು ಸೂರ್ಯ ಮುಳುಗುವ ಕಡೆಗೆ ಸೀದಾ ಗೆರೆ ಎಳೆದರೆ ಅದು ಧಾರವಾಡದ ಪಕ್ಕ ಹಾದು, ಖಾನಾಪುರದ ಕಾಡು ಹೊಕ್ಕು, ಘಟ್ಟ ಇಳಿದು, ಹೆಚ್ಚುಕಮ್ಮಿ ಪಣಜಿಯ ಹತ್ತಿರ ಸಮುದ್ರಕ್ಕೆ ಬೀಳುತ್ತದೆ. ಅಲ್ಲಿಂದ ಇನ್ನೂ ಮೂವತ್ತರಿಂದ ಐವತ್ತು ಮೈಲಿ ಮುಂದಕ್ಕೆ. ದೂರದ ಬಗ್ಗೆ ವರದಿಗಳಲ್ಲಿ ಅಷ್ಟು ವ್ಯತ್ಯಾಸವಿದೆ. ಅಂದರೆ ಈ ರಾತ್ರಿ ನೀವು ನಮ್ಮ ಎರೆ ಹೊಲಗಳ ನೇರಕ್ಕೇ ತೇಲುತ್ತಿದ್ದೀರಿ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯನ್ನು ಮಲಪ್ರಭೆಗೆ ತಿರುಗಿಸಿ ಎಂದು ನವಲಗುಂದ, ನರಗುಂದದ ರೈತರು 2015ರಿಂದ ಬೀದಿಯಲ್ಲಿ ಕೂತರಲ್ಲ, ಆ ನೀರು ಸೇರುವುದೂ ಈ ಕಡಲನ್ನೇ.

ಇದೇ ಹೊತ್ತಿಗೆ ಮೊರಬದ ಸುತ್ತ ಹೋಳಿಯ ಗುಂಗು. ಹುಣ್ಣಿಮೆ ಮೊನ್ನೆ ಮೊನ್ನೆ ಕಳೆದಿದೆ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತವರು ಊರು ಸೇರಿದ್ದಾರೆ, ಹುಬ್ಬಳ್ಳಿಯ ರಂಗಪಂಚಮಿಗೆ ಇನ್ನೆರಡು ದಿನ. ಅಲ್ಲಿ ಹಲಗಿ ಸದ್ದು. ಇಲ್ಲಿ ಸದ್ದಿಲ್ಲ. ತಡವಾಗಿ ಮೂಡಿದ ಚಂದ್ರ ನೆಲದ ದಿಕ್ಕಿನಲ್ಲಿದ್ದಾನೆ, ನೆಲ ಮಾತ್ರ ಕಾಣುತ್ತಿಲ್ಲ.

ಡೆಕ್ಕಿನ ಮೇಲೆ ಹೋದರೆ ಕುತ್ತಿಗೆ ತಾನಾಗಿಯೇ ಆಕಾಶಕ್ಕೆ ತಿರುಗುತ್ತದೆ. ಒಂದು ವಿಮಾನ ಬಂದು ತಲೆಯ ಮೇಲೆ ಸುತ್ತು ಹಾಕಿ ಹೋಗಿದೆ. ಹಿಂದೆ ದೂರದಲ್ಲಿ ಹಡಗುಗಳಿವೆ ಎಂಬ ಗುಮಾನಿ ಕ್ಯಾಪ್ಟನ್ನಿಗೆ. ಮೀನು ಹಿಡಿಯುವ ದೋಣಿಗಳಿರಬಹುದು ಎಂದು ನೀವು ಸಮಾಧಾನ ಮಾಡಿಕೊಳ್ಳಬಹುದು. ಸಮುದ್ರದ ಮೇಲೆ ಈ ಸಮಾಧಾನ ಬಹಳ ಹೊತ್ತು ನಿಲ್ಲುವುದಿಲ್ಲ. ಹೊಲದಲ್ಲಾದರೆ ಬದುವಿದೆ, ಬಾವಿಯಿದೆ, ಜೋಳದ ಕಣಿಕೆಯ ಬಣವೆಯ ಹಿಂದೆ ಮೈ ಮರೆಸಬಹುದು. ಇಲ್ಲಿ ಕೂತರೂ ನಿಂತರೂ ಕಾಣುತ್ತೀರಿ.

ಕೆಳಗಿಳಿಯಿರಿ. ಒಂದು ಆಯ್ಕೆಯ ವಿಷಯ ಹೇಳಬೇಕು, ಏಕೆಂದರೆ ಇನ್ನು ಸ್ವಲ್ಪ ಹೊತ್ತಿಗೆ ನಡೆಯುವುದಕ್ಕೆಲ್ಲ ಅದೇ ಬೇರು.

ಹಡಗಿನಲ್ಲಿ ಉಪಗ್ರಹದ ಇಂಟರ್ನೆಟ್ ಇದೆ. ನಡುಗಡಲಿನಲ್ಲಿ ನಿಮ್ಮ ಕೈಯಲ್ಲಿ ಒಂದು ಫೋನು. ಮುಟ್ಟದೆ ಸುಮ್ಮನಿದ್ದರೆ ನೀವು ಇರುವುದೇ ಜಗತ್ತಿಗೆ ಗೊತ್ತಿಲ್ಲ; ನಾಳೆ ಇಲ್ಲವಾದರೂ ಗೊತ್ತಾಗುವುದಿಲ್ಲ. ಮುಟ್ಟಿದರೆ ವಕೀಲರಿಗೆ, ಪತ್ರಕರ್ತರಿಗೆ ಹೇಳಬಹುದು: ನಾನು ಇಂಥವಳು, ತಪ್ಪಿಸಿಕೊಂಡು ಬಂದಿದ್ದೇನೆ, ಕಾಪಾಡಿ. ಲತೀಫಾ ಮುಟ್ಟುತ್ತಾಳೆ. ಆಕೆಯ ಜಾಗದಲ್ಲಿ ನೀವೂ ಮುಟ್ಟುತ್ತಿದ್ದಿರಿ. ಇನ್‌ಸ್ಟಾಗ್ರಾಂ, ವಾಟ್ಸಾಪ್, ಇಮೇಲ್. ‘ಡಿಟೇನ್ಡ್ ಇನ್ ದುಬೈ’ ಎಂಬ ಸಂಸ್ಥೆ ನಡೆಸುವ ರಾಧಾ ಸ್ಟರ್ಲಿಂಗ್‌ಗೆ ಸಂದೇಶ ಹೋಗುತ್ತದೆ. ಪತ್ರಕರ್ತರು ಸುಲಭಕ್ಕೆ ನಂಬುವುದಿಲ್ಲ. ದೊರೆಯ ಮಗಳು ಜೆಟ್ ಸ್ಕೀ ಹತ್ತಿ ಓಡಿಬಂದಳಂತೆ, ಯಾರು ನಂಬಿಯಾರು? ನಂಬಿಸಲು ಮತ್ತೆ ಬರೆಯಬೇಕು. ಬರೆದಷ್ಟೂ ಸಂದೇಶಗಳು ಹಡಗಿನ ಆಂಟೆನಾದಿಂದ ಮೇಲಕ್ಕೆ ಹೋಗುತ್ತವೆ. ಪ್ರತಿ ಸಂದೇಶವೂ ಎಲ್ಲಿಂದ ಹೊರಟಿತು ಎಂಬುದು ಯಾವುದೋ ಕಂಪ್ಯೂಟರಿನಲ್ಲಿ ಗುರುತಾಗಿ ಉಳಿಯುತ್ತದೆ.

ಹಾಗೂ ಸಿಕ್ಕಿಬಿದ್ದರೆ ಇರಲಿ ಎಂದು ಹೊರಡುವ ಮೊದಲೇ ಮೂವತ್ತೊಂಬತ್ತು ನಿಮಿಷದ ಒಂದು ವಿಡಿಯೋ ಮಾಡಿಟ್ಟಿದ್ದಾಳೆ. ನೀವಿದನ್ನು ನೋಡುತ್ತಿದ್ದೀರಿ ಎಂದರೆ ನಾನು ಸತ್ತಿರಬೇಕು ಇಲ್ಲವೇ ತೀರ ಕೆಟ್ಟ ಸ್ಥಿತಿಯಲ್ಲಿರಬೇಕು ಎಂಬುದು ಅದರ ಸಾರ. ಇಂಥ ವಿಡಿಯೋ ಮಾಡಿಟ್ಟು ಮನೆ ಬಿಡುವವರ ಹೊಟ್ಟೆಯಲ್ಲಿ ಆ ಬೆಳಿಗ್ಗೆ ತಿಂಡಿ ಹೇಗೆ ಇಳಿದಿರಬೇಕು!

ರಾತ್ರಿ ಹತ್ತು. ಹೆಂಗಸರಿಬ್ಬರೂ ಕೆಳಗೆ, ಮಲಗುವ ತಯಾರಿಯಲ್ಲಿದ್ದಾರೆ. ನಿಮ್ಮ ರೆಪ್ಪೆಯೂ ಎಳೆಯುತ್ತಿದೆ.

ಢಂ.

ಕಿವಿ ಮೊದಲು ಒಪ್ಪುವುದಿಲ್ಲ. ಏನೋ ಬಿತ್ತು ಅನಿಸುತ್ತದೆ. ಇನ್ನೊಂದು. ಮತ್ತೊಂದು. ಈಗ ಎದೆಗೂಡೇ ಅದುರುತ್ತದೆ. ತಲೆಯ ಮೇಲಿನ ಹಲಗೆಯಲ್ಲಿ ಬೂಟುಗಳು. ಎರಡಲ್ಲ, ನಾಲ್ಕಲ್ಲ, ಎಣಿಸಲಾರದಷ್ಟು. ಯಾರೋ ಕೂಗುತ್ತಿದ್ದಾರೆ. ಇಂಗ್ಲಿಷು.

ಓಡುವುದಾದರೆ ಎಲ್ಲಿಗೆ? ಒಂದೇ ಬಾಗಿಲು ಉಳಿದಿದೆ, ಸ್ನಾನದ ಕೋಣೆಯದು. ಲತೀಫಾ, ಟೀನಾ ಒಳಗೆ ನುಗ್ಗುತ್ತಾರೆ, ನೀವೂ ನುಗ್ಗುತ್ತೀರಿ. ಚಿಲಕ. ಗೋಡೆಗೆ ಬೆನ್ನು. ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ಬೀಳುವಷ್ಟು ಜಾಗ. ಫೋನಿನಿಂದ ಲತೀಫಾ ರಾಧಾ ಸ್ಟರ್ಲಿಂಗ್‌ಗೆ ಸುದ್ದಿ ಮುಟ್ಟಿಸುತ್ತಾಳೆ: ಹೊರಗೆ ಗಂಡಸರಿದ್ದಾರೆ, ಗುಂಡಿನ ಸದ್ದು ಕೇಳುತ್ತಿದೆ. ಸಾವಿರಾರು ಮೈಲಿ ಆಚೆ ಇರುವ ಒಬ್ಬ ಹೆಂಗಸು ಇದನ್ನು ಕೇಳಿಸಿಕೊಂಡು ಏನು ಮಾಡಬಲ್ಲಳು? ಆದರೂ ಹೇಳಬೇಕು. ಯಾರಿಗೂ ಹೇಳದೆ ಸಾಯುವುದು ಇನ್ನೂ ಕಷ್ಟ.

ಆಮೇಲೆ ಹೊಗೆ. ಮೊದಲು ಗಂಟಲಿನ ಹಿಂದೆ ಸಣ್ಣ ಕೆರೆತ. ಕಣ್ಣು ಮುಚ್ಚಿದರೂ ಉರಿ ಒಳಗೇ ಉಳಿಯುತ್ತದೆ. ಕೆಮ್ಮನ್ನು ತಡೆಯುತ್ತೀರಿ, ಏಕೆಂದರೆ ಕೆಮ್ಮಿದರೆ ಬಾಗಿಲ ಆಚೆಯವರಿಗೆ ಗೊತ್ತಾಗುತ್ತದೆ. ತಡೆದ ಕೆಮ್ಮು ಪಕ್ಕೆಲುಬಿಗೆ ಗುದ್ದುತ್ತದೆ. ಒಂದು ಉಸಿರು. ಅರ್ಧ ಉಸಿರು. ಇನ್ನೊಂದು ಇಲ್ಲ.

ಒಳಗಿದ್ದರೆ ಉಸಿರು ಹೋಗುತ್ತದೆ, ಹೊರಗೆ ಹೋದರೆ ಅವರು. ಇದನ್ನು ಆಯ್ಕೆ ಎಂದು ಕರೆಯುವುದಾದರೆ ಕರೆಯಿರಿ. ದೇಹ ತಲೆಯನ್ನು ಕೇಳುವುದಿಲ್ಲ. ಕೈ ತಾನೇ ಚಿಲಕಕ್ಕೆ ಹೋಗುತ್ತದೆ.

ಕತ್ತಲು. ಹೊಗೆ. ಅದರೊಳಗೆ ಕೆಂಪು ಚುಕ್ಕೆಗಳು.

ಬಂದೂಕಿನ ಲೇಸರ್ ಎಂದು ಅರ್ಥವಾಗುವ ಹೊತ್ತಿಗೆ ಒಂದು ಚುಕ್ಕೆ ಟೀನಾಳ ಎದೆಯ ಮೇಲಿದೆ. ಮುಖ ಮುಚ್ಚಿದ ಗಂಡಸರು. ಮೆಟ್ಟಿಲು ಹತ್ತಿ. ಮೇಲೆ. ಬೇಗ. ಟೀನಾಳನ್ನು ಕೆಡವಿ ಕೈಗಳನ್ನು ಹಿಂದಕ್ಕೆ ಎಳೆದು ಕಟ್ಟುತ್ತಾರೆ. ಕ್ಯಾಪ್ಟನ್ ಜೋಬೇರ್ ನೆಲಕ್ಕೆ ಬಿದ್ದಿದ್ದಾನೆ, ಹೊಡೆತ ಬಿದ್ದ ಮೈ. ಫಿಲಿಪ್ಪೀನ್ಸಿನ ಹುಡುಗರಿಗೂ ಏಟು. ಹಲಗೆಯ ಮೇಲೆ ರಕ್ತ ಕಾಣುತ್ತದೆ. ಕಣ್ಣು ತೆರೆದರೆ ಗುಂಡು ಹಾರಿಸುತ್ತೇವೆ, ಸಮುದ್ರಕ್ಕೆ ಎಸೆಯುತ್ತೇವೆ. ಮಾತುಗಳು ನಾಲ್ಕು ಕಡೆಯಿಂದ ಬರುತ್ತವೆ. ಹಡಗಿನ ಅಂಚು ಹತ್ತಿರದಲ್ಲೇ ಇದೆ, ಕೆಳಗೆ ನೀರು ತಟತಟ ಬಡಿಯುವುದು ಕೇಳುತ್ತದೆ.

ಲತೀಫಾ ಯಾರು?

ಮತ್ತೆ ಮತ್ತೆ ಇದೇ ಪ್ರಶ್ನೆ. ಒಂದು ಕ್ಷಣ ಇದನ್ನು ತೂಗಿ ನೋಡಿ. ಕಡಲ್ಗಳ್ಳರು ಹಣ ಕೇಳುತ್ತಾರೆ. ಕಳ್ಳಸಾಗಣೆ ಹಿಡಿಯಲು ಬಂದವರು ಸಾಮಾನು ಕೇಳುತ್ತಾರೆ, ಕಾಗದ ಪತ್ರ ಕೇಳುತ್ತಾರೆ. ಇವರಿಗೆ ಬೇಕಾದದ್ದು ಒಂದು ಹೆಸರು. ಹೊಟ್ಟೆಯಲ್ಲಿ ಏನೋ ಕುಸಿಯುವುದು ಆಗ.

ಬಂದವರು ಭಾರತೀಯರು. ಯಾವ ದೇಶದ ದಡವನ್ನು ನಂಬಿ ಎಂಟು ದಿನ ಬಂದರೋ ಆ ದೇಶದ ಪಡೆ. ಲತೀಫಾ ಒದೆಯುತ್ತಾಳೆ, ಚೀರುತ್ತಾಳೆ, ನಾನು ಆಶ್ರಯ ಕೇಳುತ್ತಿದ್ದೇನೆ, ರಾಜಕೀಯ ಆಶ್ರಯ, ಎಂದು ಇಂಗ್ಲಿಷಿನಲ್ಲೇ ಹೇಳುತ್ತಾಳೆ. ಒಮ್ಮೆಯಲ್ಲ. ಆಮೇಲೆ ಯುಎಇಯ ಒಬ್ಬ ಅಧಿಕಾರಿ ಹಡಗು ಹತ್ತಿ ಅವಳನ್ನು ಗುರುತಿಸುತ್ತಾನೆ. ಎತ್ತಿಕೊಂಡವನ ತೋಳನ್ನು ಅವಳು ಕಚ್ಚುತ್ತಾಳೆ. ಸೂಜಿ ಚುಚ್ಚುತ್ತಾರೆ. ನನ್ನನ್ನು ಇಲ್ಲೇ ಕೊಂದುಬಿಡಿ, ವಾಪಸು ಒಯ್ಯಬೇಡಿ ಎಂಬುದು ಟೀನಾಳ ಕಿವಿಗೆ ಬಿದ್ದ ಕೊನೆಯ ಮಾತು.

ನೀವು ಕಣ್ಣಿಗೆ ಕಾಣದವರು, ನಿಮ್ಮನ್ನು ಯಾರೂ ಕಟ್ಟಿಲ್ಲ. ಆದರೂ ಕಾಲು ಏಳುವುದಿಲ್ಲ.

ಲತೀಫಾಳಿಗೆ ಎಚ್ಚರವಾಗುವುದು ದುಬೈನಲ್ಲಿ. ಉಳಿದವರನ್ನು ಹೊತ್ತು ನಾಸ್ಟ್ರೋಮೋ ಬಂದ ದಾರಿಯಲ್ಲೇ ಯುಎಇಗೆ ಹಿಂತಿರುಗುತ್ತದೆ. ಅಲ್ಲಿ ಸೆರೆ, ವಿಚಾರಣೆ. ಮಾರ್ಚ್ ತಿಂಗಳು ಮುಗಿಯುವ ಮೊದಲು ಟೀನಾ ಮತ್ತು ಇತರರ ಬಿಡುಗಡೆ. ಅಷ್ಟರಲ್ಲಿ ಆ ಮೂವತ್ತೊಂಬತ್ತು ನಿಮಿಷದ ವಿಡಿಯೋ ಜಗತ್ತಿನ ಮುಂದೆ ಬಂದಿರುತ್ತದೆ. ಲತೀಫಾ ಮುಂದೆ ವರ್ಷಗಟ್ಟಲೆ ಕಾವಲಿನ ಬಂಗಲೆಯೊಂದರಲ್ಲಿ. ಅಲ್ಲಿಯೂ ಚಿಲಕ ಹಾಕಿಕೊಳ್ಳಬಹುದಾದ ಜಾಗ ಸ್ನಾನದ ಕೋಣೆಯೊಂದೇ. ಅದರೊಳಗೆ ಕೂತು ಕದ್ದು ಮಾಡಿದ ವಿಡಿಯೋಗಳನ್ನು 2021ರ ಫೆಬ್ರುವರಿಯಲ್ಲಿ ಬಿಬಿಸಿ ಪ್ರಸಾರ ಮಾಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಐಸ್‌ಲೆಂಡಿನಲ್ಲಿ ಸೋದರಸಂಬಂಧಿ ಮಾರ್ಕಸ್ ಎಸ್ಸಾಬ್ರಿಯ ಜೊತೆ ಆಕೆ ಇರುವ ಫೋಟೋ ಹೊರಬಂತು, ಬಿಡುಗಡೆಗಾಗಿ ಹೋರಾಡುತ್ತಿದ್ದ ಗುಂಪು ಅಲ್ಲಿಗೆ ಬಾಗಿಲು ಮುಚ್ಚಿತು.

ಪತ್ತೆ ಹೇಗಾಯಿತು ಎಂಬುದಕ್ಕೂ ಉತ್ತರ ಬಂತು. ಹಡಗಿನ ಇಂಟರ್ನೆಟ್ ಒದಗಿಸುತ್ತಿದ್ದ ಅಮೆರಿಕದ ಕಂಪನಿಯಿಂದ ಎಫ್‌ಬಿಐ ಆ ಹಡಗು ಇರುವ ಜಾಗ ತಿಳಿದುಕೊಂಡು ದುಬೈಗೆ ದಾಟಿಸಿತು, ಅಪಹರಣವಾಗಿದೆ ಎಂದು ನಂಬಿಸಿದ್ದರಿಂದ ಹಾಗೆ ಮಾಡಿತು ಎಂದು 2021ರಲ್ಲಿ ‘ಯುಎಸ್‌ಎ ಟುಡೇ’ ವರದಿ ಮಾಡಿತು. ಅದೇ ವರ್ಷ ಫೋನುಗಳಿಗೆ ಕನ್ನ ಹಾಕುವ ಪೆಗಾಸಸ್ ತಂತ್ರಾಂಶದ ಸುದ್ದಿ ಸಿಡಿದಾಗ ಸೋರಿದ ಪಟ್ಟಿಯಲ್ಲಿ ಲತೀಫಾಳದ್ದೂ ಆಕೆಯ ಗೆಳೆಯರದ್ದೂ ನಂಬರುಗಳಿದ್ದವು. ಒಂದು ಕಡೆ ಕೆಫೆಯಲ್ಲಿ ಬಿಟ್ಟುಬಂದ ಫೋನು, ಇನ್ನೊಂದು ಕಡೆ ಕಾಪಾಡಿ ಎಂದು ಬರೆದ ಫೋನು. ಬಿಟ್ಟದ್ದು ಮೋಸ ಮಾಡಲಿಲ್ಲ.

ಇನ್ನು ನಮ್ಮವರ ಮಾತು. ಲಂಡನ್ನಿನ ಹೈಕೋರ್ಟಿನಲ್ಲಿ ದೊರೆಗೂ ಆತನ ವಿಚ್ಛೇದಿತ ಪತ್ನಿ ಹಯಾಗೂ ಮಕ್ಕಳ ವಿಚಾರವಾಗಿ ನಡೆದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಆಂಡ್ರ್ಯೂ ಮ್ಯಾಕ್‌ಫರ್ಲೇನ್ ಈ ಇಡೀ ರಾತ್ರಿಯನ್ನು ತೂಗಿ ನೋಡಿದರು. ಟೀನಾಳ ಸಾಕ್ಷ್ಯವನ್ನು ನಂಬಿದರು. ಭಾರತೀಯ ಪಡೆ ಹಡಗು ಹತ್ತಿದ್ದು, ಆಶ್ರಯದ ಮೊರೆಗೆ ಕಿವಿಗೊಡದ್ದು ಎಲ್ಲವೂ 2020ರ ಮಾರ್ಚ್ 5ರಂದು ಪ್ರಕಟವಾದ ತೀರ್ಪಿನಲ್ಲಿದೆ. ತೀರ್ಪು ಒಂದು ಕಡೆಯ ಕಥೆಯನ್ನಷ್ಟೇ ಹೇಳುತ್ತದೆ ಎಂದು ದೊರೆ ಪ್ರತಿಕ್ರಿಯಿಸಿದರು. ಅವರ ಮಾತಿನಲ್ಲಿ ಅದು ಅಪಹರಣದಿಂದ ಮಗಳನ್ನು ಉಳಿಸಿದ ಕಾರ್ಯಾಚರಣೆ.

ಅದಕ್ಕೇ ಹೊರಡುವ ಮೊದಲು ಜಾಗ ಬದಲಿಸಿ. ಏಳನೆಯ ಪ್ರಯಾಣಿಕನ ಮೈಯಿಂದ ಹೊರಬಂದು ಒಂದು ಮುಖವಾಡದ ಒಳಗೆ ಹೋಗಿ.

ಒಳಗೆ ಬೆವರು. ಉಣ್ಣೆ ತುಟಿಗೆ ಅಂಟುತ್ತದೆ, ನಿಮ್ಮದೇ ಉಸಿರು ಬಿಸಿಯಾಗಿ ಮೂಗಿಗೆ ಮರಳುತ್ತದೆ. ನೀವು ಯಾವ ಊರಿನವರೋ ಏನೋ. ಸೈನ್ಯಕ್ಕೆ ಸೇರುವ ಹುಡುಗರು ನಮ್ಮ ಬೆಳಗಾವಿ, ಧಾರವಾಡದ ಹಳ್ಳಿಗಳಲ್ಲೂ ಕಮ್ಮಿಯಿಲ್ಲ. ಹೊರಡುವಾಗ ನಿಮಗೆ ಹೇಳಿದ್ದು ಅಪಹರಣ ಎಂದೇ ಇದ್ದಿರಬಹುದು. ಒಬ್ಬಳು ರಾಜಕುಮಾರಿ, ಒಬ್ಬ ಫ್ರೆಂಚ್ ಖದೀಮ, ಬಿಡಿಸಿಕೊಂಡು ಬನ್ನಿ. ಒಳ್ಳೆಯ ಕೆಲಸ. ಅದಕ್ಕೆಂದೇ ಕತ್ತಲಲ್ಲಿ ಅಲುಗಾಡುವ ಹಡಗಿಗೆ ನೆಗೆದಿದ್ದೀರಿ, ಮೊಣಕಾಲು ಹಲಗೆಗೆ ತಾಗಿ ಇನ್ನೂ ಉರಿಯುತ್ತಿದೆ.

ಈಗ ಬಿಡಿಸಬೇಕಾದವಳು ನಿಮ್ಮ ಕಾಲಿಗೆ ಒದೆಯುತ್ತಿದ್ದಾಳೆ. ನಿಮಗೆ ತಿಳಿಯುವ ಭಾಷೆಯಲ್ಲೇ ಮಾತಾಡುತ್ತಿದ್ದಾಳೆ. ಅಪಹರಿಸಿದವನೆಂದು ನಿಮಗೆ ಹೇಳಿದ್ದವನ ಕಡೆ ಬೆರಳು ತೋರಿಸುತ್ತಿಲ್ಲ. ಅವಳು ಹೆದರಿರುವುದು ನೀವು ಯಾರ ಕೈಗೆ ಒಪ್ಪಿಸಹೊರಟಿದ್ದೀರೋ ಅವರಿಗೆ. ಆಶ್ರಯ ಎಂಬ ಶಬ್ದ ನಾಲ್ಕನೆಯ ಸಲ, ಐದನೆಯ ಸಲ ಕಿವಿಗೆ ಬೀಳುತ್ತದೆ. ನಿಮ್ಮ ಪಕ್ಕದವನಿಗೂ ಕೇಳಿಸಿದೆ, ಅವನು ನಿಮ್ಮ ಕಡೆ ತಿರುಗುತ್ತಾನೆ, ಮುಖವಾಡದಲ್ಲಿ ಕಾಣುವುದು ಕಣ್ಣು ಮಾತ್ರ. ಸಾಹೇಬರೇ, ಇವರು ಹೇಳುತ್ತಿರುವುದು ಬೇರೆ ಇದೆ ಎಂದು ಮೇಲಿನವರಿಗೆ ಒಂದು ಮಾತು ಹೇಳಬಹುದು. ಒಂದೇ ವಾಕ್ಯ. ಆ ವಾಕ್ಯಕ್ಕೆ ನೌಕರಿಯ ಭಾರವಿದೆ, ಊರಿನಲ್ಲಿ ಕಟ್ಟುತ್ತಿರುವ ಮನೆಯ ಭಾರವಿದೆ, ಆದೇಶ ಪ್ರಶ್ನಿಸಬಾರದು ಎಂದು ತರಬೇತಿಯಲ್ಲಿ ಮೈಗೆ ಇಳಿಸಿದ ಪಾಠದ ಭಾರವಿದೆ.

ಬದಿಯ ಏಣಿಯಲ್ಲಿ ಯುಎಇಯ ಅಧಿಕಾರಿಯ ಕೈ ಕಾಣಿಸಿಕೊಳ್ಳುತ್ತದೆ. ಅವನಿಗೆ ಹತ್ತಲು ಆಧಾರ ಬೇಕು. ನೀವು ಬಂದೂಕನ್ನು ಹೆಗಲಿಗೆ ಸರಿಸಿ, ಬಗ್ಗಿ, ಆ ಕೈ ಹಿಡಿದು ಮೇಲಕ್ಕೆ ಎಳೆದುಕೊಳ್ಳುತ್ತೀರಿ.